ರಾಮಕೃಷ್ಣನಗರದಿಂದ ನೇತ್ರಾಣಿಯ ಹವಳದ ಊರಿಗೆ

ಬ್ಯಾರಿ ಎಂಬ ಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮಲ್ಲಿ ಎರಡು ಉತ್ತರ ಸಿಗುತ್ತವೆ. ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂತು ಎನ್ನುವವರು ಕೆಲವರು. ಅರಬಿಯ 'ಬಹ್ರ್', ಅಂದರೆ ಕಡಲಿನಿಂದ ಬಂತು ಎನ್ನುವವರು ಇನ್ನು ಕೆಲವರು. ಯಾವುದು ಸರಿ ಎಂಬ ಚರ್ಚೆ ಪಂಡಿತರಿಗಿರಲಿ. ಎರಡರಲ್ಲೂ ಕಡಲಂತೂ ಇದ್ದೇ ಇದೆ. ಬಂದರಿಲ್ಲದೆ ನಮ್ಮ ವ್ಯಾಪಾರ ಎಲ್ಲಿತ್ತು? ಆದರೆ ನಮಗೆ ಕಡಲು ಎಂದರೆ ಅದರ ಮೇಲ್ಮೈ ಮಾತ್ರ. ಮಂಜಿ ಹತ್ತಿದೆವು, ಹಡಗು ಹತ್ತಿದೆವು, ಅಂಜಲ್, ಬಂಗುಡೆ, ಮಾಂಜಿ ಮೀನು ತಿಂದೆವು. ಆ ಮೀನು ಬದುಕುವ ಊರು ಹೇಗಿದೆ ಎಂದು ಒಳಗಿಳಿದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಮೈಸೂರಿನ ರಾಮಕೃಷ್ಣನಗರದಲ್ಲಿ ನೆಲೆಸಿರುವ ನಾಲ್ಕು ಬ್ಯಾರಿ ಮನೆಯವರಾದ ನಾವು ಕಳೆದ ಡಿಸೆಂಬರ್ ರಜೆಯಲ್ಲಿ ಆ ಊರನ್ನು ನೋಡಿ ಬಂದೆವು. ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪದ ಹವಳದ ದಿಬ್ಬ ಅದು. ಮೈಸೂರಿನ ಮಕ್ಕಳಿಗೆ ಸ್ಕೂಬಾ ಡೈವಿಂಗ್ ಎಂದರೆ ಅಂಡಮಾನ್, ಮಾಲ್ದೀವ್ಸ್. ನಮ್ಮದೇ ರಾಜ್ಯದ ಭಟ್ಕಳ ತಾಲೂಕಿನಲ್ಲಿ ಇಂಥದ್ದೊಂದು ಜಾಗವಿದೆ ಎಂಬುದು ಅನೇಕರಿಗೆ ತಿಳಿದದ್ದು 2022ರ ಅಕ್ಟೋಬರ್‌ನಲ್ಲಿ ತೆರೆಕಂಡ 'ಗಂಧದ ಗುಡಿ'ಯಿಂದ. ಅದರಲ್ಲಿ ಪುನೀತ್ ರಾಜ್‌ಕುಮಾರ್ ನೀರಿಗಿಳಿದದ್ದು ಇದೇ ನೇತ್ರಾಣಿಯಲ್ಲಿ. ನಮ್ಮ ಮನೆಗಳಲ್ಲೂ ಮಾತು ಶುರುವಾದದ್ದು ಅಲ್ಲಿಂದಲೇ.

ಮನೆಯಲ್ಲಿ ಎದ್ದ ಪ್ರಶ್ನೆ

ಪಿಯುಸಿ ಓದುವ ಹುಡುಗಿಯೊಬ್ಬಳು "ನಾನೂ ಇಳಿಯುತ್ತೇನೆ" ಎಂದಾಗ ಮನೆ ಎರಡು ಪಾಲಾಯಿತು. ಉಪ್ಪ ಸುಮ್ಮನಿದ್ದರು. ಉಮ್ಮನಿಗೆ ಬಟ್ಟೆಯ ಚಿಂತೆ. ಊರಿನಿಂದ ಬಂದಿದ್ದ ಅಜ್ಜಿಗೆ ಜೀವದ ಚಿಂತೆ. "ಕಡಲಿನ ಮೇಲೆ ಹೋದವರೇ ಎಲ್ಲರೂ ವಾಪಸ್ ಬಂದಿಲ್ಲ, ನೀವು ಅದರ ಒಳಗೇ ಹೋಗ್ತೀರಾ?" ಎಂದರು. ಅವರ ಅಣ್ಣ ಮಂಜಿಯಲ್ಲಿ ದುಡಿದವರು. ಮಳೆಗಾಲದ ಮುಂಚಿನ ಗಾಳಿ ಏನು ಮಾಡುತ್ತದೆಂದು ಆ ಮನೆ ಕಂಡಿದೆ. ಅಜ್ಜಿಯ ಮಾತನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ.

ಅಜ್ಜಿಯ ಭಯಕ್ಕೆ ಆಧಾರವೂ ಇದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರ್ಡೇಶ್ವರದ ತೀರದಲ್ಲೇ ಸಮುದ್ರಪಾಲಾದರು. ಆಳಕ್ಕೆ ಹೋದವರಲ್ಲ ಅವರು, ದಡದ ನೀರಿನಲ್ಲಿದ್ದವರು. ಹಾಗಾಗಿ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಅಲೆ ಒಡೆಯುವ ಜಾಗದಲ್ಲಿ ಯಾವ ಸಾಧನವೂ ಇಲ್ಲದೆ, ಕಾವಲೂ ಇಲ್ಲದೆ ನೀರಿಗಿಳಿಯುವುದು ಬೇರೆ. ಶಾಂತ ಋತುವಿನಲ್ಲಿ ತರಬೇತಿ ಪಡೆದವನ ಕೈಹಿಡಿತದಲ್ಲಿ, ಉಸಿರಾಟದ ಸಾಧನದೊಂದಿಗೆ ಇಳಿಯುವುದು ಬೇರೆ. ಎರಡನೆಯದರಲ್ಲಿ ಅಪಾಯವೇ ಇಲ್ಲ ಎಂದಲ್ಲ. ಆದರೆ ಅದಕ್ಕೆ ನಿಯಮಗಳಿವೆ, ನಿಯಮ ಪಾಲಿಸಿದರೆ ಅಪಾಯ ಬಹಳಷ್ಟು ತಗ್ಗುತ್ತದೆ.

ಇನ್ನು ಹೆಣ್ಣುಮಗಳು ಎಂಬ ಪ್ರಶ್ನೆ. ಮೊರೊಕ್ಕೊದ ಇಬ್ನ್ ಬತೂತ 14ನೇ ಶತಮಾನದಲ್ಲಿ ಇದೇ ಕರಾವಳಿಯಲ್ಲಿ ಹಾದುಹೋದವರು. ನೇತ್ರಾಣಿಗೆ ಸ್ವಲ್ಪ ಉತ್ತರಕ್ಕಿರುವ ಹೊನ್ನಾವರದಲ್ಲಿ ತಂಗಿದ್ದ ಅವರು, ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ, ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂದೂ ದಾಖಲಿಸಿದ್ದಾರೆ. ಏಳುನೂರು ವರ್ಷದ ಹಿಂದೆ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ ನಡೆಸಿದ ಕರಾವಳಿ ಇದು. ಅಲ್ಲಾಹನ ಸೃಷ್ಟಿಯನ್ನು ನೋಡಿ ಕಲಿಯುವುದು ಗಂಡುಮಕ್ಕಳಿಗೆ ಮಾತ್ರ ಎಂದು ಯಾರು ಹೇಳಿದರು?

ಬಟ್ಟೆಯ ವಿಷಯ ನಾವು ಅಂದುಕೊಂಡಷ್ಟು ಕಷ್ಟದ್ದಾಗಿರಲಿಲ್ಲ. ಡೈವಿಂಗ್ ಮಾಡುವವರು ಗಂಡಾಗಲಿ ಹೆಣ್ಣಾಗಲಿ ಮೈಮುಚ್ಚುವ ರಬ್ಬರಿನ ಸೂಟ್ ಧರಿಸುತ್ತಾರೆ. ಚಳಿಗೂ ಅದು ಬೇಕು, ಬಂಡೆ ತರಚುವುದಕ್ಕೂ ಬೇಕು. ಉದ್ದ ತೋಳು, ಉದ್ದ ಕಾಲಿನ ಸೂಟೇ ಬೇಕೆಂದು ಮೊದಲೇ ಹೇಳಬೇಕು. ಅದರ ಮೇಲೆ ಸಡಿಲವಾದ ಈಜು ಅಂಗಿ, ತಲೆಗೆ ಬಿಗಿಯಾದ ಈಜು ಹಿಜಾಬ್ ಹಾಕಿಕೊಂಡೇ ನಮ್ಮ ಹುಡುಗಿ ಇಳಿದಳು. ಮಾಸ್ಕಿನ ಅಂಚಿನೊಳಗೆ ಬಟ್ಟೆಯಾಗಲಿ ಕೂದಲಾಗಲಿ ಸಿಕ್ಕಬಾರದು, ಸಿಕ್ಕರೆ ನೀರು ಒಳಗೆ ಬರುತ್ತದೆ. ಇದೊಂದೇ ಎಚ್ಚರ. ಮಹಿಳಾ ತರಬೇತುದಾರರು ಬೇಕಿದ್ದರೆ ಬುಕ್ ಮಾಡುವಾಗಲೇ ಕೇಳಬೇಕು. ಎಲ್ಲ ದಿನವೂ ಸಿಗುವುದಿಲ್ಲ.

ಸಿಲಿಂಡರಿನಲ್ಲಿರುವುದು ಆಕ್ಸಿಜನ್ ಅಲ್ಲ

ಬೆಳಗ್ಗೆ ಬೋಟ್ ಹತ್ತುವ ಮೊದಲು ಆರೋಗ್ಯದ ಫಾರಂ ತುಂಬಿಸುತ್ತಾರೆ. ಅಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಆಪರೇಷನ್, ಗರ್ಭಿಣಿ ಎಂದೆಲ್ಲ ಕೇಳುತ್ತಾರೆ. ಇಲ್ಲಿ ಸುಳ್ಳು ಬರೆಯಬಾರದು. ನಮ್ಮಲ್ಲೊಬ್ಬರಿಗೆ ಅಸ್ತಮಾ ಇತ್ತು, ನಿಜ ಬರೆದರು, ಬೋಟಿನಲ್ಲೇ ಉಳಿದರು. ಸ್ವಲ್ಪ ಮುನಿಸು ಇತ್ತು, ಆದರೆ ಅದು ಸರಿಯಾದ ತೀರ್ಮಾನ.

ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಆಕ್ಸಿಜನ್ ಇರುತ್ತದೆಂದು ನಾವೆಲ್ಲ ತಿಳಿದಿದ್ದೆವು. ಇರುವುದು ನಾವು ರಾಮಕೃಷ್ಣನಗರದಲ್ಲಿ ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು ಅಷ್ಟೆ. ಬಾಯಲ್ಲಿ ಕಚ್ಚಿ ಹಿಡಿಯುವ ರೆಗ್ಯುಲೇಟರ್, ನಾವಿರುವ ಆಳಕ್ಕೆ ತಕ್ಕ ಒತ್ತಡದಲ್ಲಿ ಆ ಗಾಳಿಯನ್ನು ಕೊಡುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಸಾಧನವೇ ಇದರ ಮೂಲ.

ಅದಕ್ಕೂ ಹಿಂದೆ? ಗಲ್ಫ್‌ನಲ್ಲಿ ದುಡಿದ ನಮ್ಮ ಮನೆಗಳಿಗೆ ಇದು ತಿಳಿದಿರಬೇಕಾದ ಕತೆ. ಎಣ್ಣೆ ಸಿಗುವ ಮೊದಲು ಬಹರೈನ್, ಕುವೈತ್, ದುಬೈಗಳ ಅನ್ನ ಬರುತ್ತಿದ್ದುದು ಮುತ್ತಿನಿಂದ. 'ಘೈಸ್' ಎಂಬ ಮುಳುಗುಗಾರ ಮೂಗಿಗೆ ಕ್ಲಿಪ್ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ, ಬರೀ ಉಸಿರು ಬಿಗಿಹಿಡಿದು ಇಳಿಯುತ್ತಿದ್ದ. ಮೇಲೆ ಹಗ್ಗ ಹಿಡಿದ 'ಸೈಬ್' ಅವನನ್ನು ಎಳೆದುಕೊಳ್ಳುತ್ತಿದ್ದ. ದಿನಕ್ಕೆ ಹತ್ತಾರು ಬಾರಿ ಹೀಗೆ. ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂದು, 1930ರ ಆಸುಪಾಸಿನ ಆರ್ಥಿಕ ಕುಸಿತವೂ ಸೇರಿ ಆ ಕಸುಬು ಮುಗಿಯಿತು. ಬಹರೈನಿನ ಮುಹರ್ರಖ್‌ನ ಮುತ್ತಿನ ಹಾದಿಯನ್ನು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ. ನಾವು ಮೋಜಿಗೆ ಇಳಿಯುವ ನೀರಿಗೆ ಅವರು ಮಕ್ಕಳ ಹೊಟ್ಟೆಗಾಗಿ ಇಳಿದವರು.

ನೀರಿನ ಕೆಳಗೆ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಬಲೂನು ಅರ್ಧಕ್ಕೆ ಕುಗ್ಗುತ್ತದೆ. ನಮ್ಮ ಕಿವಿಯೊಳಗಿನ ಗಾಳಿಗೂ ಅದೇ ಗತಿ. ಅದಕ್ಕೆ ಮೂಗು ಹಿಡಿದು ಮೆಲ್ಲಗೆ ಊದಬೇಕು. ನೋವು ಶುರುವಾದ ಮೇಲಲ್ಲ, ಮೊದಲ ಮೀಟರಿನಿಂದಲೇ. ನೆಗಡಿಯಿದ್ದರೆ ಕಿವಿಯ ನಾಳ ತೆರೆಯುವುದಿಲ್ಲ, ಹಾಗಾಗಿ ನೆಗಡಿಯಿದ್ದವರು ಇಳಿಯಲೇಬಾರದು. ನಮ್ಮಲ್ಲೊಬ್ಬರ ಕಿವಿ ಎಷ್ಟು ಊದಿದರೂ ಬಿಡಲಿಲ್ಲ. ತರಬೇತುದಾರ ಒಂದು ಕ್ಷಣವೂ ಒತ್ತಾಯಿಸದೆ ಅವರನ್ನು ಮೇಲಕ್ಕೆ ಕರೆದುಕೊಂಡು ಬಂದ.

ಇನ್ನೊಂದು ನಿಯಮ ಎಲ್ಲಕ್ಕಿಂತ ದೊಡ್ಡದು. ನೀರೊಳಗೆ ಉಸಿರು ಬಿಗಿಹಿಡಿಯಬಾರದು. ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ, ಅದಕ್ಕೆ ಹೊರಹೋಗಲು ದಾರಿ ಬೇಕು. ಬಾಲ್ಯದಿಂದ ನೀರಲ್ಲಿ ಉಸಿರು ಹಿಡಿಯಲು ಕಲಿತ ನಮಗೆ ಇದು ಉಲ್ಟಾ ಪಾಠ. ಸನ್ನೆಯೂ ಉಲ್ಟಾ. ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ಮೇಲಕ್ಕೆ ಹೋಗೋಣ' ಎಂದರ್ಥ. ಸರಿಯಿದೆ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ಕೆಳಗೆ ಕಂಡದ್ದು

ಬೋಟಿನಲ್ಲಿ ಒಂದೂವರೆ ಗಂಟೆ. ಹಿಂದೆ ಶಿವನ ಪ್ರತಿಮೆ, ಗೋಪುರ ಸಣ್ಣದಾಗುತ್ತಾ ಹೋಗುತ್ತವೆ, ಮುಂದೆ ಹಸಿರು ಗುಡ್ಡವೊಂದು ಏಳುತ್ತದೆ. ಬ್ರಿಟಿಷರು ಇದನ್ನು ಪಾರಿವಾಳದ ದ್ವೀಪ ಎನ್ನುತ್ತಿದ್ದರು. ಮೇಲಿಂದ ನೋಡಿದರೆ ಹೃದಯದ ಆಕಾರ. ಬಂಡೆಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು, ಗುಡ್ಡದಲ್ಲಿ ಕಾಡಾಡುಗಳು.

ಈಜು ಬರದವರೂ ಮೊದಲ ಡೈವ್ ಮಾಡಬಹುದು, ಏಕೆಂದರೆ ಒಬ್ಬ ತರಬೇತುದಾರ ಒಬ್ಬರನ್ನೇ ಹಿಡಿದು ಇಳಿಸುತ್ತಾನೆ. ಹೊಸಬರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ. ಮೊದಲ ಎರಡು ನಿಮಿಷ ಎದೆ ಡವಡವ. ನಮ್ಮ ಉಸಿರಿನ ಸದ್ದು ನಮಗೇ ದೊಡ್ಡದಾಗಿ ಕೇಳುತ್ತದೆ. ಆಮೇಲೆ ಬೇರೊಂದು ಸದ್ದು ಕಿವಿಗೆ ಬೀಳುತ್ತದೆ, ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಚಟಪಟ. ಅದು ಬಂಡೆ ಸಂದಿಯ ಪುಟ್ಟ ಸಿಗಡಿಗಳು ಕೊಂಡಿ ಚಿಟುಕಿಸುವ ಸದ್ದು.

ಕಡಲೊಳಗೆ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ. ಕೆಲವೇ ಮೀಟರ್ ಇಳಿದರೆ ಕೆಂಪು ಬಟ್ಟೆ ಕಂದಾಗಿ ಕಾಣುತ್ತದೆ. ಮಾಸ್ಕಿನೊಳಗಿಂದ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುವುದರಿಂದ ನಮ್ಮ ಹುಡುಗರು ಮೇಲೆ ಬಂದು ಹೇಳಿದ ಮೀನಿನ ಅಳತೆಯಲ್ಲಿ ಸ್ವಲ್ಪ ಕಳೆಯಬೇಕು! ಆದರೂ ಕಂಡದ್ದು ಕಡಿಮೆಯಲ್ಲ. ಹಳದಿ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಹೋಗುತ್ತಿದ್ದವು. ಗಿಳಿಯ ಕೊಕ್ಕಿನಂಥ ಬಾಯಿಯ ಗಿಳಿಮೀನು ಹವಳದ ಬಂಡೆಯನ್ನು ಕಟಕಟ ಕಡಿಯುತ್ತಿತ್ತು. ಅದು ಕಡಿದು ಹಿಂದಿನಿಂದ ಬಿಡುವ ಪುಡಿಯೇ ಹವಳದ ದ್ವೀಪಗಳ ಬಿಳಿ ಮರಳಿನ ದೊಡ್ಡ ಪಾಲು ಎಂದರೆ ನಂಬಲೇಬೇಕು. ಸಂದಿಯಿಂದ ಬಾಯಿ ತೆರೆದು ಮುಚ್ಚುತ್ತಿದ್ದ ಮೋರೆ ಈಲ್ ಬೆದರಿಸುತ್ತಿರಲಿಲ್ಲ, ಉಸಿರಾಡುತ್ತಿತ್ತು. ರೆಕ್ಕೆ ಬಿಚ್ಚಿ ನಿಂತ ಸಿಂಹಮೀನಿನ ಮುಳ್ಳಿನಲ್ಲಿ ವಿಷವಿದೆ, ದೂರದಿಂದಲೇ ಸಲಾಂ. ನಮ್ಮ ಅಡುಗೆಮನೆಗೆ ಬರುವ ಮುರು ಮೀನು ಬಂಡೆಯ ನೆರಳಲ್ಲಿ ಯಜಮಾನನ ಹಾಗೆ ಕೂತಿತ್ತು. ಅದೃಷ್ಟವಿದ್ದವರಿಗೆ ಇಲ್ಲಿ ಕಡಲಾಮೆ ಸಿಗುತ್ತದೆ. ಅಪರೂಪಕ್ಕೆ, ಮನುಷ್ಯರಿಗೆ ಏನೂ ಮಾಡದ ತಿಮಿಂಗಿಲ ಶಾರ್ಕ್ ಕೂಡ.

ಕಲ್ಲಲ್ಲ, ಗಿಡವಲ್ಲ, ಜೀವ

ಸೂರಃ ಅರ್‌ರಹ್ಮಾನ್ ಓದುವ ಮನೆಗಳಿಗೆ ಮುತ್ತು ಮತ್ತು ಹವಳ, 'ಲುಅ್‌ಲುಅ್' ಮತ್ತು 'ಮರ್ಜಾನ್', ಹೊಸ ಪದಗಳಲ್ಲ. ಒಡವೆಗೆ ಬಳಸುವ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಕಡಲಿನ ಆಳದ್ದು. ನೇತ್ರಾಣಿಯ ಬಂಡೆ ಹವಳ ಅದರ ಸಂಬಂಧಿ ಮಾತ್ರ. ಎರಡೂ ಪ್ರಾಣಿಗಳೇ. ಸಾಸಿವೆಯಿಂದ ಹಿಡಿದು ಬಟನ್ ಗಾತ್ರದವರೆಗಿನ ಸಾವಿರಾರು ಜೀವಿಗಳು ಸುಣ್ಣದ ಗೂಡು ಕಟ್ಟಿ ಒಟ್ಟಿಗೆ ಬದುಕುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಹವಳಕ್ಕೆ ಉಣಿಸುತ್ತದೆ, ಹವಳ ಅದಕ್ಕೆ ಮನೆ ಕೊಡುತ್ತದೆ. ಬಣ್ಣ ಬರುವುದೂ ಪಾಚಿಯಿಂದಲೇ. ಕಡಲ ತಳದ ಶೇ. 1ಕ್ಕಿಂತ ಕಡಿಮೆ ಜಾಗದಲ್ಲಿರುವ ಹವಳದ ದಿಬ್ಬಗಳು, ಕಡಲಜೀವಿಗಳ ಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಆಸರೆ. ಮೀನಿನ ಮರಿಗಳಿಗೆ ಇದೇ ಬಾಲವಾಡಿ.

ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಈ ಸಂಸಾರ ಒಡೆಯುತ್ತದೆ. ಹವಳ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಬದುಕುತ್ತದೆ, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪ ಈ ಹೊಡೆತ ತಿಂದಿದೆ. 2024ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ನಾಲ್ಕನೇ ಬಾರಿ ಹವಳ ಬಿಳಿಚುವಿಕೆ ನಡೆಯುತ್ತಿದೆ ಎಂದು ವಿಜ್ಞಾನಿಗಳು ಘೋಷಿಸಿದರು. ಮರುತಿಂಗಳೇ ಲಕ್ಷದ್ವೀಪದಲ್ಲೂ ಹವಳ ವ್ಯಾಪಕವಾಗಿ ಬಿಳಿಚಿದ್ದನ್ನು ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವರದಿ ಮಾಡಿತು.

ಶ್ರೀರಂಗಪಟ್ಟಣ, ಬಂದರ್, ಲಕ್ಷದ್ವೀಪ

ಲಕ್ಷದ್ವೀಪ ನಮಗೆ ದೂರದ ಊರಲ್ಲ. ಅಮಿನಿ ಗುಂಪಿನ ಜನ ಕಣ್ಣೂರಿನ ಅರಕ್ಕಲ್ ಆಡಳಿತದ ಮೇಲೆ ಬೇಸರಗೊಂಡು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರ ಮೊರೆಹೊಕ್ಕರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಹಾಗೆ ಮೈಸೂರು ಆಡಳಿತಕ್ಕೆ ಸೇರಿದವು. ರಾಮಕೃಷ್ಣನಗರದಿಂದ ಅರ್ಧ ಗಂಟೆಯ ಹಾದಿಯಾದ ಶ್ರೀರಂಗಪಟ್ಟಣ ಒಂದು ಕಾಲಕ್ಕೆ ಹವಳದ ದ್ವೀಪಗಳ ರಾಜಧಾನಿ! 1799ರ ನಂತರ ಅವು ಬ್ರಿಟಿಷರ ಕೈಸೇರಿ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದಲೇ ಆಳಲ್ಪಟ್ಟವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಹೀಗೇ ಇತ್ತು. ಅಕ್ಕಿ, ಸಾಮಾನು ಅಲ್ಲಿಗೆ, ಕೊಬ್ಬರಿ, ಒಣಗಿಸಿದ ಟ್ಯೂನಾ ಮೀನಿನ 'ಮಾಸ್' ಇಲ್ಲಿಗೆ. ಮಂಗಳೂರಿನ ಹಳೆ ಬಂದರಿನಲ್ಲಿ ಈ ವ್ಯಾಪಾರ ಮಾಡಿದ ಬ್ಯಾರಿ ಮನೆತನಗಳನ್ನು ಕೇಳಿದರೆ ಇನ್ನೂ ಕತೆಗಳಿವೆ. ಅವರ ಮಾತು ನಮಗೆ ಮುಕ್ಕಾಲು ಅರ್ಥವಾಗುತ್ತದೆ, ನಮ್ಮದು ಅವರಿಗೆ.

ಅವರು ಕಾಲಿಟ್ಟು ನಿಂತಿರುವ ನೆಲವೇ ಹವಳದ್ದು. ಎಲ್ಲ ದ್ವೀಪ ಸೇರಿದರೂ 32 ಚದರ ಕಿ.ಮೀ. ಮಾತ್ರ. ಸುತ್ತಲಿನ ಹವಳದ ಗೋಡೆ ಅಲೆಯ ಹೊಡೆತ ತಡೆಯದಿದ್ದರೆ ಮರಳು ಉಳಿಯುವುದಿಲ್ಲ. ಬಂಗಾರಂ ಬಳಿಯ ಪರಳಿ-1 ಎಂಬ ಜನವಸತಿಯಿಲ್ಲದ ದ್ವೀಪ ಪೂರ್ತಿ ಕೊರೆದುಹೋದದ್ದು 2017ರಲ್ಲಿ ಸುದ್ದಿಯಾಯಿತು. ಹವಳ ಸತ್ತರೆ ಪ್ರವಾಸಿಗರಿಗೆ ಒಂದು ನೋಟ ತಪ್ಪುತ್ತದೆ. ಅವರಿಗೆ ಮನೆ, ಮಸೀದಿ, ಖಬರಸ್ತಾನ ತಪ್ಪುತ್ತವೆ.

ನೇತ್ರಾಣಿಗೂ ತನ್ನದೇ ಕಷ್ಟಗಳಿವೆ. ನೌಕಾಪಡೆ ಇದನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದನ್ನು ಪರಿಸರಾಸಕ್ತರು ವಿರೋಧಿಸಿದ್ದರು. ಹರಿದ ಬಲೆ, ಬೋಟಿನ ಲಂಗರು, ಪ್ಲಾಸ್ಟಿಕ್, ಜತೆಗೆ ನಮ್ಮಂಥ ಹೊಸಬರ ಕಾಲಿನ ಒದೆತ, ಎಲ್ಲವೂ ಹವಳಕ್ಕೆ ಪೆಟ್ಟೇ. ಒಂದು ಗೇಣು ಬೆಳೆಯಲು ಅದಕ್ಕೆ ವರ್ಷಗಳೇ ಬೇಕು, ಮುರಿಯಲು ಒಂದು ಕ್ಷಣ ಸಾಕು. ನಮ್ಮ ಹುಡುಗನೊಬ್ಬ ತಳದಲ್ಲಿ ಬಿದ್ದಿದ್ದ ಹವಳದ ಚೂರಿಗೆ ಕೈಹಾಕಿದಾಗ ತರಬೇತುದಾರ ತಲೆಯಾಡಿಸಿ ತಡೆದ. ಬಂಡೆ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನ ರಕ್ಷಣೆಯಿದೆ. ಸತ್ತ ಚೂರನ್ನೂ ಮನೆಗೆ ತರುವಂತಿಲ್ಲ.

ಹೋಗುವವರಿಗೆ ನಾಲ್ಕು ಮಾತು

ಕಾಲ: ಅಕ್ಟೋಬರ್‌ನಿಂದ ಮೇವರೆಗೆ. ನೀರು ತಿಳಿಯಾಗಿರುವುದು ಡಿಸೆಂಬರ್, ಜನವರಿಯಲ್ಲಿ. ಮಳೆಗಾಲದಲ್ಲಿ ಪೂರ್ತಿ ಬಂದ್.

ದಾರಿ: ಬೆಂಗಳೂರು-ಮುರ್ಡೇಶ್ವರ ರೈಲು ಮೈಸೂರು ಮೂಲಕವೇ ಹೋಗುತ್ತದೆ. ಊಟಕ್ಕೆ ಭಟ್ಕಳ ಹತ್ತಿರ. ನವಾಯತರ ಬಿರಿಯಾನಿ ಬಿಟ್ಟು ಬಂದರೆ ಪ್ರವಾಸ ಅಪೂರ್ಣ.

ಖರ್ಚು: ನಮಗೆ ತಲೆಗೆ ಐದು ಸಾವಿರದ ಆಸುಪಾಸು ಬಿತ್ತು. ಕಡಿಮೆ ದರ ಹೇಳುವವರಿಗಿಂತ, ಪ್ರಮಾಣಪತ್ರ ತೋರಿಸಿ ಆರೋಗ್ಯದ ಫಾರಂ ಕೊಡುವವರನ್ನು ಆರಿಸಿ. 10 ವರ್ಷದೊಳಗಿನ ಮಕ್ಕಳನ್ನು ಇಳಿಸುವುದಿಲ್ಲ.

ನಮಾಝ್, ಉಪವಾಸ: ಬೆಳಗ್ಗಿನ ಬೋಟ್ ಹಿಡಿದರೆ ಲುಹರ್ ಹೊತ್ತು ಮೀರುವ ಮೊದಲು ದಡ ಸೇರಬಹುದು. ಶುಕ್ರವಾರ ಬೇಡ. ಉಪವಾಸವಿದ್ದಾಗಲೂ ಬೇಡ, ದೇಹದಲ್ಲಿ ನೀರು ಕಡಿಮೆಯಾದರೆ ಡೈವಿಂಗ್‌ನ ಅಪಾಯ ಹೆಚ್ಚುತ್ತದೆ.

ವಾಪಸಾತಿ: ಮೈಸೂರಿನವರು ಮರೆಯುವ ಸಂಗತಿ ಇದು. ಡೈವ್ ಮಾಡಿದ ಮೇಲೆ ಮೈಯಲ್ಲಿ ಹೆಚ್ಚುವರಿ ಸಾರಜನಕ ಉಳಿದಿರುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅದಕ್ಕೇ 18 ಗಂಟೆಯಾದರೂ ವಿಮಾನ ಹತ್ತಬಾರದು ಎನ್ನುವುದು. ಘಾಟಿ ಹತ್ತುವುದೂ ಎತ್ತರಕ್ಕೆ ಹೋಗುವುದೇ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ದಾರಿಯ ಸಕಲೇಶಪುರ ಅದಕ್ಕಿಂತಲೂ ಎತ್ತರ. ಒಂದು ರಾತ್ರಿ ಕರಾವಳಿಯಲ್ಲೇ ತಂಗಿ ಮರುದಿನ ಹೊರಡಿ. ಅಷ್ಟರಲ್ಲಿ ಊರಿನ ಸಂಬಂಧಿಕರನ್ನೂ ನೋಡಿದಂತಾಯಿತು.

ಈಜು: ಡೈವಿಂಗ್‌ಗೆ ಈಜು ಬೇಡವಿರಬಹುದು, ಬದುಕಿಗೆ ಬೇಕು. ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಕಲಿಸಿ. ರಾಮಕೃಷ್ಣನಗರದ ನಮ್ಮ ಮನೆಗಳ ಏಳು ಮಕ್ಕಳು ಈಗ ಈಜು ತರಗತಿಗೆ ಹೋಗುತ್ತಿದ್ದಾರೆ, ಅವರಲ್ಲಿ ನಾಲ್ವರು ಹುಡುಗಿಯರು. ಶುಲ್ಕದಲ್ಲಿ ಒಂದು ಪಾಲು ಕೊಟ್ಟವರು ಅಜ್ಜಿ. ಮುಂದಿನ ಬಾರಿ ಲಕ್ಷದ್ವೀಪ ಎಂದು ಮಕ್ಕಳು ಹಟ ಹಿಡಿದಿದ್ದಾರೆ. ಇನ್ಶಾ ಅಲ್ಲಾಹ್, ನಾವು ಅಲ್ಲಿಗೆ ತಲುಪುವಾಗಲೂ ಹವಳಕ್ಕೆ ಬಣ್ಣ ಉಳಿದಿರಲಿ.